ಮಾಗಿಯ ಇರುಳಲ್ಲಿ ಬೆಳಕು ಕೂಡಿಡುವವರು

ಹಿಂಗಾರಿನ ಮೋಡಗಳು ತಮ್ಮ ಕೊನೆಯ ಹನಿಗಳನ್ನು ಸುರಿಸಿ ಸರಿದುಹೋದ ಮೇಲೆ, ಡಿಸೆಂಬರಿನ ಉತ್ತರಾರ್ಧದಿಂದ ಮೊದಲುಗೊಂಡು ಮಾರ್ಚಿ ತಿಂಗಳ ಬಿಸಿಲು ನೆಲವನ್ನು ಕಾಯಿಸುವವರೆಗೆ, ನಮ್ಮ ಬಯಲುಸೀಮೆಯ ಮೇಲೆ ಹರಡಿಕೊಳ್ಳುವ ಆಕಾಶವು ವರ್ಷದ ಬೇರಾವ ಕಾಲದಲ್ಲಿಯೂ ಕಾಣದಷ್ಟು ನಿರ್ಮಲವಾಗಿರುತ್ತದೆ. ಆ ದಿನಗಳಲ್ಲಿ, ಅಮಾವಾಸ್ಯೆಗೆ ಹತ್ತಿರವಾದ ಶನಿವಾರದ ಸಂಜೆಗಳಂದು, ಬೆಂಗಳೂರಿನಿಂದ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳ ದಿಕ್ಕಿಗೆ ಹೊರಡುವ ವಾಹನಗಳಲ್ಲಿ ಒಂದೆರಡಾದರೂ ದೂರದರ್ಶಕದ ಕೊಳವೆ, ಕಬ್ಬಿಣದ ತೂಕಗಳು, ಟ್ರೈಪಾಡು, ಕ್ಯಾಮೆರಾ, ಬ್ಯಾಟರಿ, ಕಂಬಳಿ, ಮಫ್ಲರು ಮತ್ತು ಫ್ಲಾಸ್ಕಿನ ತುಂಬ ಕಾಫಿಯನ್ನು ಹೊತ್ತಿರುವುದುಂಟು. ಅವುಗಳ ಒಡೆಯರು ಖಗೋಳವಿಜ್ಞಾನವನ್ನು ವೃತ್ತಿಯಾಗಿ ಸ್ವೀಕರಿಸಿದವರಲ್ಲ. ಬ್ಯಾಂಕಿನ ನೌಕರರು, ಸಾಫ್ಟ್‌ವೇರ್ ಇಂಜಿನಿಯರುಗಳು, ಕಾಲೇಜಿನ ಹುಡುಗ ಹುಡುಗಿಯರು, ನಿವೃತ್ತರಾದ ಮೇಷ್ಟ್ರುಗಳು. ಸೋಮವಾರ ಬೆಳಗಾದರೆ ತಂತಮ್ಮ ಕೆಲಸಗಳಿಗೆ ಹಾಜರಾಗತಕ್ಕವರು. ಇಂಥವರು ತೆಗೆದ ನೀಹಾರಿಕೆಗಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ಕಂಡು ನಾವೆಲ್ಲರೂ ಬೆರಗಾಗಿದ್ದೇವೆ. ಆದರೆ ಅಂಥ ಚಿತ್ರವೊಂದರ ಹಿಂದಿರುವ ಇರುಳು ಎಂಥದು, ಅಲ್ಲಿ ನಡೆಯುವ ಕಾಯಕ ಯಾವ ಬಗೆಯದು ಎಂಬುದನ್ನು ಬಲ್ಲವರು ವಿರಳ. ಅದನ್ನು ಅರಿತುಕೊಂಡಲ್ಲಿ ಚಿತ್ರದ ಮೇಲಣ ಬೆರಗು ಕಡಮೆಯಾಗದು. ತೆಗೆದವರ ಮೇಲಣ ಗೌರವವು ಮಾತ್ರ ಬಹಳವಾಗಿ ಹೆಚ್ಚುವುದು.

ಚಳಿಗಾಲದಲ್ಲಿ ನಕ್ಷತ್ರಗಳು ಹೆಚ್ಚು ಬೆಳಗುತ್ತವೆಂಬ ನಂಬಿಕೆಯೊಂದು ಜನರಲ್ಲಿ ಉಂಟು. ನಕ್ಷತ್ರಗಳಿಗೆ ನಮ್ಮ ಋತುಗಳ ಹಂಗಿಲ್ಲ. ಆದರೂ ಆ ನಂಬಿಕೆ ನಿರಾಧಾರವಾದುದಲ್ಲ. ಮಾಗಿಯ ಒಣಹವೆಯಲ್ಲಿ ನೀರಿನ ಆವಿಯ ಅಂಶ ಕಡಮೆಯಾಗಿರುವುದರಿಂದ ಬೆಳಕು ಹೆಚ್ಚು ಚೆದರದೆ ನೆಲವನ್ನು ಮುಟ್ಟುತ್ತದೆ. ಇರುಳೂ ದೀರ್ಘವಾದುದು: ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರಿನ ಕೊನೆಗೆ, ಸಂಜೆಬೆಳಕೂ ಮುಂಜಾವಿನ ಬೆಳಕೂ ಕಳೆದು ಉಳಿಯುವ ಅಪ್ಪಟ ಕತ್ತಲೆಯೇ ಸುಮಾರು 10 ಗಂಟೆಗಳಷ್ಟು. ಇವೆಲ್ಲಕ್ಕೂ ಮಿಗಿಲಾಗಿ, ಆ ತಿಂಗಳುಗಳ ರಾತ್ರಿಯಲ್ಲಿ ಭೂಮಿಯ ನಮ್ಮ ಮಗ್ಗುಲು ಆಕಾಶಗಂಗೆಯ ಒಂದು ಸಮೃದ್ಧವಾದ ಪ್ರದೇಶಕ್ಕೆ ಎದುರಾಗಿ ನಿಲ್ಲುವುದರಿಂದ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಲುಬ್ಧಕ ಇವೆಲ್ಲವೂ ಒಟ್ಟಿಗೆ ಮೇಲೇರಿ ಬರುತ್ತವೆ. ದಕ್ಷಿಣದಲ್ಲಿ, ಇಂಗ್ಲೆಂಡಿನವರ ಕಣ್ಣಿಗೆ ಎಂದೆಂದಿಗೂ ಉದಯಿಸದ ಅಗಸ್ತ್ಯನು ನಮ್ಮ ತೆಂಗಿನ ತೋಟಗಳ ಮೇಲೆ ಧವಳಕಾಂತಿಯಿಂದ ನಿಲ್ಲುತ್ತಾನೆ. ಈ ವಿಷಯದಲ್ಲಿ ಕನ್ನಡಿಗರು ಪುಣ್ಯವಂತರು. ಧ್ರುವನಿಂದ ತ್ರಿಶಂಕುವಿನವರೆಗೆ ಎರಡು ಗೋಲಾರ್ಧಗಳ ಸಂಪತ್ತನ್ನೂ ಒಂದೇ ಹೊಲದ ಬದುವಿನ ಮೇಲೆ ನಿಂತು ಕಾಣಬಲ್ಲವರು.

ಆದರೆ ಈ ಚಳಿ ವೀಕ್ಷಕನಿಗೆ ಮಿತ್ರನೂ ಹೌದು, ವೈರಿಯೂ ಹೌದು. ಮತ್ತು ಇರುಳಿನ ಬಹುಪಾಲು ಶ್ರಮ ಈ ಎರಡು ಪಾತ್ರಗಳ ನಡುವಣ ವ್ಯವಹಾರದಲ್ಲಿಯೇ ಕಳೆಯುವುದು. ಮೊದಲು ಕನ್ನಡಿಯನ್ನೇ ತೆಗೆದುಕೊಳ್ಳೋಣ. ಹಗಲಿನ ಬಿಸಿಯನ್ನು ಕುಡಿದ ದಪ್ಪನೆಯ ಗಾಜು ತಂಪಾದ ಬಯಲಿಗೆ ಬಂದೊಡನೆ ತನ್ನ ಮೇಲಣ ಗಾಳಿಯನ್ನು ಬೆಚ್ಚಗೆ ಮಾಡಿ ಮೇಲಕ್ಕೆ ಕಳಿಸತೊಡಗುತ್ತದೆ. ಆ ಅಲೆಗಳ ಮೂಲಕ ಕಾಣುವ ಗುರುಗ್ರಹವು ಕುದಿಯುತ್ತಿರುವಂತೆ ತೋರುವುದು. ಆದುದರಿಂದಲೇ ಅನುಭವಸ್ಥರು ಹೊತ್ತು ಮುಳುಗುವ ಮುನ್ನವೇ ಸ್ಥಳವನ್ನು ಸೇರಿ, ದೂರದರ್ಶಕವನ್ನು ಬಯಲಲ್ಲಿ ಇರಿಸಿ, ಗಾಜೂ ಗಾಳಿಯೂ ಒಂದೇ ಉಷ್ಣತೆಗೆ ಬರಲೆಂದು ಒಂದೆರಡು ಗಂಟೆ ಕಾಯುವರು. ಅವಸರದಿಂದ ಬಂದು ಅವಸರದಿಂದ ನೋಡುವವನಿಗೆ ಈ ವಿದ್ಯೆ ಒಲಿಯದು.

ಕಣ್ಣಿಗೂ ಇಂಥದೇ ಒಂದು ಕಾಲಾವಧಿ ಬೇಕು. ಕತ್ತಲೆಗೆ ಬಂದ ಕೆಲವು ನಿಮಿಷಗಳಲ್ಲಿಯೇ ಪಾಪೆ ಅಗಲವಾಗುವುದಾದರೂ, ಅಕ್ಷಿಪಟಲದಲ್ಲಿ ಮಂದಬೆಳಕನ್ನು ಗ್ರಹಿಸುವ ಕಣಗಳಿಗೆ ತಮ್ಮ ರಾಸಾಯನಿಕ ದ್ರವ್ಯವನ್ನು ಮತ್ತೆ ತುಂಬಿಕೊಳ್ಳಲು ಅರ್ಧಗಂಟೆಯಾದರೂ ಹಿಡಿಯುತ್ತದೆ. ಹಾಗೆ ಸಿದ್ಧವಾದ ಕಣ್ಣಿನ ಮುಂದೆ ಯಾರಾದರೊಬ್ಬರು ಮೊಬೈಲನ್ನು ಒಂದು ಕ್ಷಣ ಬೆಳಗಿಸಿದರೂ ಸಾಕು, ಅರ್ಧಗಂಟೆಯ ತಪಸ್ಸೆಲ್ಲ ಕರಗಿಹೋಗುವುದು. ವೀಕ್ಷಕರು ಕೆಂಪು ದೀಪಗಳನ್ನೇ ಬಳಸುವುದಕ್ಕೆ ಕಾರಣವಿದು: ಆ ಕಣಗಳಿಗೆ ಕೆಂಪು ಬೆಳಕು ಹೆಚ್ಚಾಗಿ ತಾಗುವುದಿಲ್ಲ. ಇನ್ನೊಂದು ಮರ್ಮವುಂಟು. ನಾವು ಯಾವುದನ್ನು ನೆಟ್ಟಗೆ ನೋಡುತ್ತೇವೆಯೋ ಅದು ಬೀಳುವ ಅಕ್ಷಿಪಟಲದ ನಡುಬಿಂದುವಿನಲ್ಲಿ ಮಂದಬೆಳಕಿನ ಕಣಗಳೇ ಇಲ್ಲ. ಆದುದರಿಂದ ಮಸುಕಾದ ನೀಹಾರಿಕೆಯನ್ನು ಕಾಣಬೇಕಾದವನು ಅದರ ಪಕ್ಕದಲ್ಲಿ ಸ್ವಲ್ಪ ದೂರಕ್ಕೆ ದೃಷ್ಟಿಯಿಟ್ಟು, ಗಮನವನ್ನು ಮಾತ್ರ ಅದರ ಮೇಲೆ ನಿಲ್ಲಿಸಬೇಕು. ಮೊದಲ ಸಲ ಹಾಗೆ ನೋಡಿದವರು, ಇಲ್ಲದೆಡೆಯಿಂದ ಬೂದುಬಣ್ಣದ ಮೋಡವೊಂದು ಹೊಮ್ಮಿ ಬಂದುದನ್ನು ಕಂಡು ಉದ್ಗಾರವೆತ್ತುವುದನ್ನು ನಾನು ಬಲ್ಲೆ; ಎಷ್ಟು ಸಲ ಕೇಳಿದರೂ ಆ ಉದ್ಗಾರ ನನಗೆ ಹಿತವಾಗಿಯೇ ಕೇಳಿಸುವುದು.

ನಡುರಾತ್ರಿ ಸಮೀಪಿಸುತ್ತಲೇ ಇಬ್ಬನಿಯ ಕಾಟ ಮೊದಲಾಗುತ್ತದೆ. ಇಬ್ಬನಿ ಮೇಲಿನಿಂದ ಬೀಳುವುದೆಂದು ನಾವು ಆಡುಮಾತಿನಲ್ಲಿ ಹೇಳುವೆವಾದರೂ ವಸ್ತುತಃ ಅದು ಬೀಳುವುದಲ್ಲ, ಇದ್ದಲ್ಲಿಯೇ ಮೂಡುವುದು. ನಿರಭ್ರವಾದ ಆಕಾಶಕ್ಕೆ ಮುಖವೊಡ್ಡಿದ ಯಾವ ವಸ್ತುವೇ ಆಗಲಿ ತನ್ನ ಶಾಖವನ್ನು ಅದೃಶ್ಯ ಕಿರಣಗಳಾಗಿ ಮೇಲಕ್ಕೆ ಸೂಸುತ್ತ, ತನ್ನನ್ನು ಸುತ್ತಿರುವ ಗಾಳಿಗಿಂತಲೂ ತಣ್ಣಗಾಗುತ್ತ ಹೋಗುವುದು. ಬ್ರಿಟಿಷರ ಕಾಲದಲ್ಲಿ ಅಲಹಾಬಾದಿನ ಕಡೆ ಮಂಜುಗಡ್ಡೆಯನ್ನು ತಯಾರಿಸುತ್ತಿದ್ದುದು ಈ ತತ್ತ್ವದಿಂದಲೇ: ಮಣ್ಣಿನ ಆಳವಿಲ್ಲದ ತಟ್ಟೆಗಳಲ್ಲಿ ನೀರು ತುಂಬಿ, ಒಣಹುಲ್ಲಿನ ಮೇಲೆ ಬಯಲಲ್ಲಿ ಇರಿಸಿದರೆ, ಗಾಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದಿದ್ದ ಇರುಳುಗಳಲ್ಲಿಯೂ ಬೆಳಗಿನ ಹೊತ್ತಿಗೆ ತೆಳುವಾದ ಮಂಜಿನ ಪದರ ಕಟ್ಟಿರುತ್ತಿತ್ತು. ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿಯು 1775ರಲ್ಲಿಯೇ ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದ್ದಾನೆ. ಅಂದಿನ ಮಂಜುಗಡ್ಡೆಯವರಿಗೆ ವರವಾದುದು ಇಂದಿನ ವೀಕ್ಷಕನಿಗೆ ಶಾಪ. ಆಕಾಶವನ್ನೇ ನೋಡುತ್ತಿರುವ ಮಸೂರವು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ, ಚಿತ್ರದಲ್ಲಿ ನಕ್ಷತ್ರಗಳೆಲ್ಲ ಒಂದೊಂದಾಗಿ ಪ್ರಭಾವಳಿ ಕಟ್ಟಿಕೊಂಡು ಮಂಕಾಗುವುವು. ಅದಕ್ಕೆ ಪ್ರತೀಕಾರವಾಗಿ ಮಸೂರದ ಮುಂದಕ್ಕೆ ಉದ್ದವಾದ ತೋಳನ್ನು ತೊಡಿಸುವರು. ಕುತ್ತಿಗೆಗೆ ಪಟ್ಟಿಯಂತೆ ಸುತ್ತಿ ಬ್ಯಾಟರಿಯಿಂದ ಸಣ್ಣಗೆ ಬೆಚ್ಚಗಾಗುವ ಹೀಟರನ್ನು ಬಿಗಿಯುವರು. ಏನೂ ಇಲ್ಲದಿದ್ದಲ್ಲಿ ಹೇರ್ ಡ್ರೈಯರ್ ಹಿಡಿದು ನಿಲ್ಲುವರು. ಬಟ್ಟೆಯಿಂದ ಒರಸುವುದು ಮಾತ್ರ ನಿಷಿದ್ಧ. ಧೂಳು ಸೇರಿದ ಇಬ್ಬನಿಯನ್ನು ಒರಸಿದರೆ ಗಾಜಿನ ಮೇಲಣ ಲೇಪನಕ್ಕೆ ಗೀರು ಬೀಳುವುದು ನಿಶ್ಚಯ.

ಇನ್ನು ಭೂಮಿಯ ತಿರುಗುವಿಕೆಯ ಮಾತು. ನಾವು ನಿಂತ ನೆಲವು ಗಂಟೆಗೆ 15 ಡಿಗ್ರಿಗಳಂತೆ ತಿರುಗುತ್ತಿರುವುದರಿಂದ, ಸಾಮಾನ್ಯ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಅಲುಗದಂತೆ ನಿಲ್ಲಿಸಿ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಕಾಲ ಕಣ್ಣು ತೆರೆಸಿದರೆ, ಚುಕ್ಕಿಗಳು ಚುಕ್ಕಿಗಳಾಗಿ ಉಳಿಯದೆ ಗೆರೆಗಳಾಗುವುವು. ಹೀಗಾಗದಂತೆ, ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷವೊಂದರ ಮೇಲೆ ದೂರದರ್ಶಕವನ್ನು ಕೂರಿಸಿ, ಭೂಮಿ ಪೂರ್ವಕ್ಕೆ ತಿರುಗಿದಷ್ಟೇ ವೇಗದಲ್ಲಿ ಅದನ್ನು ಪಶ್ಚಿಮಕ್ಕೆ ತಿರುಗಿಸುವ ಮೋಟಾರಿನ ಪೀಠವುಂಟು. ಅದನ್ನು ಎಲ್ಲರೂ ಮೌಂಟ್ ಎಂದೇ ಕರೆಯುವರು. ಆ ಅಕ್ಷವನ್ನು ಧ್ರುವಬಿಂದುವಿಗೆ ಗುರಿಯಿಡುವುದು ಸಂಜೆಯ ಮೊದಲ ಕೆಲಸ. ಈ ಕೆಲಸ ಯುರೋಪಿನವರಿಗೆ ಸುಲಭ, ನಮಗೆ ಕಷ್ಟ. ಬೆಂಗಳೂರಿನಲ್ಲಿ ಧ್ರುವನಕ್ಷತ್ರವು ದಿಗಂತದಿಂದ ಕೇವಲ 13 ಡಿಗ್ರಿಗಳಷ್ಟು ಮೇಲಿರುವುದರಿಂದ ಮಬ್ಬಿನಲ್ಲಿಯೋ ಹೊಂಗೆಮರದ ಹಿಂದೆಯೋ ಮರೆಯಾಗಿರುವುದೇ ಹೆಚ್ಚು. ಸಾಲದುದಕ್ಕೆ, ಉತ್ತರದೇಶಗಳ ಅಕ್ಷಾಂಶಗಳನ್ನು ಮನಸ್ಸಿನಲ್ಲಿಟ್ಟು ತಯಾರಾದ ಎಷ್ಟೋ ಮೌಂಟುಗಳು ಅಷ್ಟು ತಗ್ಗಿಗೆ ಬಾಗಲಾರವು. ಬಾಗಿದರೂ ಅವುಗಳ ತೂಕದ ಸರಳು ಟ್ರೈಪಾಡಿನ ಕಾಲಿಗೆ ತಾಗುವುದು. ಆಗ ಒಂದು ಕಾಲಿನ ಕೆಳಗೆ ಕಲ್ಲಿಟ್ಟೋ ಇಟ್ಟಿಗೆಯಿಟ್ಟೋ ಇಡೀ ಯಂತ್ರವನ್ನು ಉತ್ತರಕ್ಕೆ ಓಲಿಸುವ ಉಪಾಯವನ್ನು ನಮ್ಮವರು ಕಂಡುಕೊಂಡಿದ್ದಾರೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೆ ಹೊಲದ ಕಲ್ಲೊಂದು ಆಧಾರವಾಗಿ ನಿಂತುದನ್ನು ಕಂಡಾಗ, ಯಾವ ವಿದ್ಯೆಯೂ ಒಂದು ನೆಲಕ್ಕೆ ಬಂದ ಮೇಲೆ ಆ ನೆಲದ ಸಹಾಯವನ್ನು ಬೇಡದಿರಲಾರದು ಎನಿಸುತ್ತದೆ.

ಫೋಕಸ್ ಮಾಡುವ ಕ್ರಮವನ್ನು ಹತ್ತಿರ ನಿಂತು ನೋಡತಕ್ಕದ್ದು. ದೂರದರ್ಶಕದ ಬಾಯಿಗೆ ಮೂರು ದಿಕ್ಕಿನಲ್ಲಿ ಸೀಳುಗಳನ್ನು ಕೊರೆದ ಒಂದು ಮುಚ್ಚಳವನ್ನು ಹಾಕುವರು. ಪಾವೆಲ್ ಬಾಹ್ಟಿನೋವ್ ಎಂಬ ರಷ್ಯದ ಹವ್ಯಾಸಿಯೊಬ್ಬನು 2005ರ ಸುಮಾರಿಗೆ ಕಂಡುಹಿಡಿದ ಸಾಧನವಿದು. ದಪ್ಪ ರಟ್ಟಿನಲ್ಲಿಯೂ ಇದನ್ನು ಕತ್ತರಿಸಿಕೊಳ್ಳಬಹುದು. ಲುಬ್ಧಕದಂಥ ಪ್ರಕಾಶಮಾನವಾದ ನಕ್ಷತ್ರವನ್ನು ಅದರ ಮೂಲಕ ನೋಡಿದರೆ ಕ್ಯಾಮೆರಾದ ಪರದೆಯ ಮೇಲೆ ಮೂರು ಕಿರಣರೇಖೆಗಳು ಮೂಡುವುವು. ಎರಡು ಒಂದನ್ನೊಂದು ಅಡ್ಡಹಾಯ್ದು ನಿಲ್ಲುತ್ತವೆ, ಮೂರನೆಯದು ಅವುಗಳ ನಡುವೆ ಅತ್ತಿತ್ತ ಸರಿಯುತ್ತದೆ. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಂತೆ ಆ ಮೂರನೆಯ ರೇಖೆ ಮೆಲ್ಲಮೆಲ್ಲನೆ ನಡುವಿಗೆ ಬರುವುದು. ಸರಿಯಾಗಿ ಮಧ್ಯಕ್ಕೆ ಬಂದು ನಿಂತಾಗ ಫೋಕಸ್ ಸಿದ್ಧಿಸಿತೆಂದು ಅರ್ಥ. ಉಸಿರು ಬಿಗಿಹಿಡಿದು ಬಗ್ಗಿರುವ ವೀಕ್ಷಕ ಅಲ್ಲಿ ನೆಟ್ಟಗಾಗುತ್ತಾನೆ. ಆದರೆ ಆ ನೆಮ್ಮದಿ ಬಹಳ ಹೊತ್ತಿನದಲ್ಲ. ಅಲ್ಯೂಮಿನಿಯಮ್ಮಿನ ಕೊಳವೆ ಒಂದು ಮೀಟರಿಗೆ, ಉಷ್ಣತೆ ಒಂದು ಡಿಗ್ರಿ ಇಳಿದರೆ, ಒಂದು ಮಿಲಿಮೀಟರಿನ ಸಾವಿರದಲ್ಲಿ 23 ಭಾಗದಷ್ಟು ಕುಗ್ಗುತ್ತದೆ. ಸಂಜೆಯಿಂದ ನಡುರಾತ್ರಿಗೆ 10 ಡಿಗ್ರಿ ಇಳಿದರೆ ಕಾಲು ಮಿಲಿಮೀಟರಿನ ಸಮೀಪಕ್ಕೆ ಬಂತು. ಬರಿಗಣ್ಣಿಗೆ ಇದು ಏನೂ ಅಲ್ಲ. ನಕ್ಷತ್ರದ ಬಿಂಬಕ್ಕೆ ಇದು ಸರ್ವನಾಶ. ಆದುದರಿಂದ ಗಂಟೆ ಗಂಟೆಗೂ ಎದ್ದು, ಮರಗಟ್ಟಿದ ಬೆರಳುಗಳಿಂದ ಮುಚ್ಚಳವನ್ನು ಮತ್ತೆ ಹಾಕಿ, ಮೂರು ರೇಖೆಗಳನ್ನು ಮತ್ತೆ ಕೂಡಿಸುತ್ತಿರಬೇಕು. ಬ್ಯಾಟರಿಯದೂ ಇದೇ ಕಥೆ: ಒಳಗಿನ ರಾಸಾಯನಿಕ ಕ್ರಿಯೆ ಚಳಿಗೆ ಮಂದವಾಗುವುದರಿಂದ, ಮನೆಯಲ್ಲಿ ರಾತ್ರಿಯಿಡೀ ಬಾಳಿಕೆ ಬಂದದ್ದು ಬಯಲಲ್ಲಿ ಎರಡು ಗಂಟೆಗೇ ಸೋಲುವುದುಂಟು.

ಇಷ್ಟೆಲ್ಲ ಸಿದ್ಧತೆಯ ತರುವಾಯ ಚಿತ್ರಗ್ರಹಣ. ಇಲ್ಲಿ ಕಣ್ಣಿಗೂ ಕ್ಯಾಮೆರಾಕ್ಕೂ ಇರುವ ಮೂಲಭೂತವಾದ ಭೇದವನ್ನು ಹೇಳಬೇಕು. ಕಣ್ಣು ಬೆಳಕನ್ನು ಕೂಡಿಡಲಾರದು. ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆದೊಡನೆ ಹಳೆಯದನ್ನು ಬಿಟ್ಟು ಹೊಸದನ್ನು ಸ್ವೀಕರಿಸುವುದು ಅದರ ಧರ್ಮ. ಹಾಗಿಲ್ಲದಿದ್ದಲ್ಲಿ ನಾವು ನಡೆದಾಡುವುದಕ್ಕೇ ಸಾಧ್ಯವಿರುತ್ತಿರಲಿಲ್ಲ. ಕ್ಯಾಮೆರಾದ ಫಲಕವಾದರೋ ತೆನೆತೆನೆ ಕೂಡಿ ಬಳ್ಳವಾಗುವಂತೆ ಬಂದ ಬೆಳಕಿನ ಕಣಗಳನ್ನೆಲ್ಲ ಕೂಡಿಟ್ಟುಕೊಳ್ಳುತ್ತದೆ. ಈ ಶಕ್ತಿಯನ್ನು ಆಕಾಶಕ್ಕೆ ಮೊದಲು ಪ್ರಯೋಗಿಸಿದವರು ಬಹುಮಟ್ಟಿಗೆ ಹವ್ಯಾಸಿಗಳೇ ಎಂಬುದು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ. ನ್ಯೂಯಾರ್ಕಿನ ವೈದ್ಯ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧ (ಓರಿಯನ್) ಎಂಬ ಪುಂಜದ ನೀಹಾರಿಕೆಯತ್ತ ದೂರದರ್ಶಕವನ್ನು 51 ನಿಮಿಷ ತಿರುಗಿಸಿ ಹಿಡಿದು ನೀಹಾರಿಕೆಯೊಂದರ ಮೊದಲ ಛಾಯಾಚಿತ್ರವನ್ನು ತೆಗೆದನು. ಮೂರು ವರ್ಷಗಳೊಳಗಾಗಿ ಇಂಗ್ಲೆಂಡಿನ ಇಂಜಿನಿಯರ್ ಆಂಡ್ರೂ ಕಾಮನ್ ಲಂಡನ್ನಿನ ಬಳಿಯ ಈಲಿಂಗಿನ ತನ್ನ ಮನೆಯ ತೋಟದಲ್ಲಿ, 36 ಅಂಗುಲದ ಕನ್ನಡಿಯಿಂದ ಅದೇ ನೀಹಾರಿಕೆಯನ್ನು ಚಿತ್ರಿಸಿದಾಗ, ಅದೇ ದೂರದರ್ಶಕಕ್ಕೆ ಕಣ್ಣಿಟ್ಟರೆ ಕಾಣದಿದ್ದ ನಕ್ಷತ್ರಗಳು ಗಾಜಿನ ಫಲಕದ ಮೇಲೆ ಮೂಡಿದವು. ಅಂದಿನಿಂದ ಮನುಷ್ಯನ ಕಣ್ಣು ಖಗೋಳದ ಕೊನೆಯ ಪ್ರಮಾಣವಾಗಿ ಉಳಿಯಲಿಲ್ಲ.

ಇವರಿಬ್ಬರಿಗಿಂತಲೂ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದವನು ಐಸಾಕ್ ರಾಬರ್ಟ್ಸ್. ವೃತ್ತಿಯಿಂದ ಆತನು ಕಟ್ಟಡಗಳ ಗುತ್ತಿಗೆದಾರ. ವೇಲ್ಸಿನಲ್ಲಿ ಹುಟ್ಟಿ ಲಿವರ್‌ಪೂಲಿನಲ್ಲಿ ದುಡಿದವನು. 1888ರ ಡಿಸೆಂಬರಿನ ಶೀತದಲ್ಲಿ, ಲಿವರ್‌ಪೂಲಿನ ಸಮೀಪದ ಮಾಘಲ್ ಎಂಬ ಊರಿನಲ್ಲಿ, ಆಂಡ್ರೊಮಿಡಾ ಎಂದು ಪಾಶ್ಚಾತ್ಯರೂ ದೇವಯಾನಿ ಎಂದು ನಮ್ಮವರೂ ಕರೆಯುವ ಪುಂಜದಲ್ಲಿರುವ ಮಸುಕು ಕಲೆಯನ್ನು 20 ಅಂಗುಲದ ಕನ್ನಡಿಯಿಂದ ಗಂಟೆಗಟ್ಟಲೆ ಹಿಡಿದು ಚಿತ್ರಿಸಿದನು. ಹತ್ತನೆಯ ಶತಮಾನದಲ್ಲಿ ಪರ್ಷಿಯದ ಅಲ್ ಸೂಫಿಯು ಚಿಕ್ಕ ಮೋಡವೆಂದು ದಾಖಲಿಸಿದ ಆ ಕಲೆ, ರಾಬರ್ಟ್ಸನ ಫಲಕದ ಮೇಲೆ ಸುರುಳಿ ಸುರುಳಿಯಾದ ಬಾಹುಗಳುಳ್ಳ ಮಹಾಚಕ್ರವಾಗಿ ತೆರೆದುಕೊಂಡಿತು. ಅದು ಹುಟ್ಟುತ್ತಿರುವ ಸೌರವ್ಯೂಹವೊಂದಾಗಿರಬಹುದೆಂದು ಅವನು ಭಾವಿಸಿದನು. 25 ಲಕ್ಷ ಜ್ಯೋತಿರ್ವರ್ಷಗಳ ಆಚೆಯಿರುವ, ನಮ್ಮ ಆಕಾಶಗಂಗೆಗೆ ಸರಿಸಮನಾದ ಇನ್ನೊಂದು ನಕ್ಷತ್ರಲೋಕವದು ಎಂದು ಜಗತ್ತಿಗೆ ತಿಳಿಯಲು ಮುಂದಿನ ಶತಮಾನದ ಇಪ್ಪತ್ತರ ದಶಕ ಬರಬೇಕಾಯಿತು. ವಿವರಣೆ ತಪ್ಪಾದರೂ ಚಿತ್ರ ತಪ್ಪಾಗಲಿಲ್ಲ. ಆ ಫಲಕವನ್ನು ಇಂದು ನೋಡಿದರೂ ಸುರುಳಿಗಳು ಅಲ್ಲಿಯೇ ಇವೆ.

ರಾಬರ್ಟ್ಸನ ಕಾಲದಲ್ಲಿ ಒಂದೇ ಫಲಕವನ್ನು ಗಂಟೆಗಟ್ಟಲೆ ತೆರೆದಿಡುತ್ತಿದ್ದರೆ, ಈಗಿನವರು ಒಂದು, ಮೂರು ಅಥವಾ ಐದು ನಿಮಿಷಗಳ ನೂರಾರು ಚಿತ್ರಗಳನ್ನು ತೆಗೆದು ಮರುದಿನ ಕಂಪ್ಯೂಟರಿನಲ್ಲಿ ಒಂದರ ಮೇಲೊಂದನ್ನು ಹೊಂದಿಸಿ ಕೂಡಿಸುವರು. ಸ್ಟ್ಯಾಕಿಂಗ್ ಎಂಬ ಈ ವಿಧಾನದ ಹಿಂದೆ ಸರಳವಾದ ಗಣಿತವಿದೆ. ನೀಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲಿಯೂ ಅದೇ ಸ್ಥಾನದಲ್ಲಿ ಬೀಳುವುದು. ಕ್ಯಾಮೆರಾದ ಗೊಂದಲದ ಕಣಗಳು ಒಂದೊಂದು ಸಲ ಒಂದೊಂದು ಕಡೆ ಬೀಳುವುವು. ಕೂಡಿಸಿದಂತೆ ಬೆಳಕು ಪೂರ್ತಿಯಾಗಿ ಬೆಳೆಯುತ್ತದೆ, ಗೊಂದಲ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ ಬೆಳೆಯುತ್ತದೆ. ಎಂದರೆ ನಾಲ್ಕು ಚಿತ್ರಗಳನ್ನು ಕೂಡಿಸಿದರೆ ಸ್ಪಷ್ಟತೆ ಎರಡರಷ್ಟು. ನೂರು ಕೂಡಿಸಿದರೆ ಹತ್ತರಷ್ಟು. ಹತ್ತರಿಂದ ಇಪ್ಪತ್ತಕ್ಕೆ ಏರಬೇಕಾದರೆ ನಾನೂರು ಬೇಕು. ಒಂದು ಇರುಳು ಸಾಲದೆ ಎರಡನೆಯ ಅಮಾವಾಸ್ಯೆಗೂ ಮೂರನೆಯದಕ್ಕೂ ಅದೇ ಬಯಲಿಗೆ ಮರಳಿ ಬರುವುದರ ಅರ್ಥ ಇಲ್ಲಿದೆ.

ಚಳಿ ಮಿತ್ರನಾಗುವುದು ಈ ಗೊಂದಲದ ವಿಷಯದಲ್ಲಿ. ಬೆಳಕು ಬೀಳದಿದ್ದರೂ ಕ್ಯಾಮೆರಾದ ಸಿಲಿಕಾನ್ ಫಲಕದಲ್ಲಿ ಶಾಖದ ಕಾರಣದಿಂದಲೇ ವಿದ್ಯುತ್ಕಣಗಳು ಸಡಿಲಗೊಂಡು, ಬೆಳಕು ಬಿದ್ದಿತೆಂಬ ಸುಳ್ಳುಸಾಕ್ಷಿಯನ್ನು ನುಡಿಯುವುವು. ಉಷ್ಣತೆ ಸುಮಾರು 6 ಡಿಗ್ರಿ ಇಳಿದಾಗಲೆಲ್ಲ ಈ ಸುಳ್ಳುಸಾಕ್ಷಿ ಅರ್ಧಕ್ಕೆ ಇಳಿಯುತ್ತದೆ. 30 ಡಿಗ್ರಿಯ ಸೆಖೆಯ ರಾತ್ರಿಯಿಂದ 12 ಡಿಗ್ರಿಯ ಮಾಗಿಯ ರಾತ್ರಿಗೆ ಬಂದರೆ ಎಂಟರಲ್ಲೊಂದು ಪಾಲು ಮಾತ್ರ ಉಳಿಯುವುದು. ಉಳಿದುದನ್ನು ಕಳೆಯಲು, ದೂರದರ್ಶಕಕ್ಕೆ ಮುಚ್ಚಳ ಹಾಕಿ, ಅದೇ ಚಳಿಯಲ್ಲಿ, ಅಷ್ಟೇ ನಿಮಿಷಗಳ ಕಾಲ ಬರಿಯ ಕತ್ತಲೆಯ ಚಿತ್ರಗಳನ್ನು ತೆಗೆಯುವರು. ಇವಕ್ಕೆ ಡಾರ್ಕ್ ಫ್ರೇಮುಗಳೆಂದು ಹೆಸರು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ, ಎಲ್ಲರೂ ಗಂಟುಮೂಟೆ ಕಟ್ಟಲು ಆತುರಪಡುತ್ತಿರುವಾಗ, ಹಿರಿಯರೊಬ್ಬರು ಕತ್ತಲೆಯಿಂದ ಕೂಗುತ್ತಾರೆ:

“ಡಾರ್ಕ್ಸ್ ತೆಗೆದೆಯೇನಪ್ಪಾ?”

“ಮನೆಗೆ ಹೋಗಿ ತೆಗೀತೀನಿ ಸಾರ್, ಕೈ ಸೆಟೆದುಹೋಗಿದೆ.”

“ಮನೇಲಿ ಈ ಚಳಿ ಎಲ್ಲಿಂದ ತರ್ತೀಯ? ಮುಚ್ಚಳ ಹಾಕಿ ಇಲ್ಲೇ ಮುಗಿಸಿಬಿಡು.”

ಹುಡುಗ ಮುಚ್ಚಳ ಹಾಕುತ್ತಾನೆ. ಇನ್ನೊಂದು ಗಂಟೆ ಎಲ್ಲರೂ ಕಾಯುತ್ತಾರೆ. ಉಷ್ಣತೆಯನ್ನು ತಾನೇ ನಿಯಂತ್ರಿಸಿಕೊಳ್ಳುವ ಶೀತಲೀಕೃತ ಕ್ಯಾಮೆರಾ ಉಳ್ಳವರಿಗೆ ಈ ಬಂಧನವಿಲ್ಲ; ಆದರೆ ಅದರ ಬೆಲೆ ಎಲ್ಲರಿಗೂ ಎಟಕುವಂಥದಲ್ಲ.

ಇಷ್ಟು ಕೂಡಿಸಿ ಕಳೆದು ತಯಾರಾದ ಚಿತ್ರವನ್ನು ನೋಡಿ, ಈ ಬಣ್ಣಗಳು ನಿಜವೋ ಎಂದು ಕೇಳುವವರು ಬಹಳ. ಪ್ರಶ್ನೆ ನ್ಯಾಯವಾದುದು. ಮಂದವಾದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ವರ್ಣಜ್ಞಾನವಿರದು. ಆದುದರಿಂದ ಮಹಾವ್ಯಾಧದ ನೀಹಾರಿಕೆ ನಮಗೆ ಬೂದುಹಸುರಾಗಿ ಕಾಣುವುದು. ಆದರೆ ಅಲ್ಲಿಂದ ಕೆಂಪು ಬೆಳಕು ಬರುತ್ತಿರುವುದು ವಾಸ್ತವ; ಹೈಡ್ರೊಜನ್ ಪರಮಾಣು ಸೂಸುವ, 656 ನ್ಯಾನೊಮೀಟರ್ ತರಂಗದ ಕೆಂಪದು. ಹಾಗೆಯೇ ಆಮ್ಲಜನಕದ 501 ನ್ಯಾನೊಮೀಟರಿನ ಹಸುರುನೀಲಿ. ಕ್ಯಾಮೆರಾ ಇವನ್ನು ಸೃಷ್ಟಿಸುವುದಿಲ್ಲ, ಕಣ್ಣಿನ ದೌರ್ಬಲ್ಯವನ್ನು ಮೀರಿ ತೋರಿಸುತ್ತದೆ. ಕೆಲವರು ಒಂದೊಂದು ಧಾತುವಿಗೆ ಸಂಕೇತವಾಗಿ ಬೇರೊಂದು ಬಣ್ಣವನ್ನು ಕೊಡುವರು. ಹಾಗೆಂದು ಚಿತ್ರದ ಕೆಳಗೆ ಬರೆದರೆ ಅದರಲ್ಲಿ ದೋಷವಿಲ್ಲ, ಭೂಪಟದಲ್ಲಿ ಬೆಟ್ಟಕ್ಕೆ ಕಂದು ಬಳಿಯುವುದರಲ್ಲಿ ದೋಷವಿಲ್ಲದಂತೆ. ಆದರೆ ಬೇರೊಂದು ರಾತ್ರಿ ಬೇರೊಂದು ಮಸೂರದಿಂದ ತೆಗೆದ ಆಕಾಶಗಂಗೆಯನ್ನು ಹಂಪೆಯ ರಥದ ಮೇಲೆ ಅಂಟಿಸಿ, ಅದು ಅಲ್ಲಿ ಹಾಗೆಯೇ ಕಂಡಿತೆಂದು ಸಾರುವುದನ್ನು ನಾನು ಒಪ್ಪಲಾರೆ. ಇರುಳೆಲ್ಲ ಚಳಿಯಲ್ಲಿ ನಿಂತು ಸುಳ್ಳುಸಾಕ್ಷಿಯನ್ನು ಕಳೆಯುವವರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹವ್ಯಾಸಿಗಳ ಈ ಶ್ರಮದಿಂದ ವಿಜ್ಞಾನಕ್ಕೆ ಪ್ರಯೋಜನವುಂಟೆ ಎಂದರೆ, ಉಂಟು. ಅದಕ್ಕೆ ಕಾರಣ ಅವರ ಯಂತ್ರವಲ್ಲ, ಅವರ ಕೈಯಲ್ಲಿರುವ ಕಾಲ. ಮಹಾ ದೂರದರ್ಶಕಗಳ ಒಂದೊಂದು ಗಂಟೆಗೂ ವಿಜ್ಞಾನಿಗಳು ಅರ್ಜಿ ಹಾಕಿ ಸರದಿಯಲ್ಲಿ ನಿಲ್ಲಬೇಕು. ಹವ್ಯಾಸಿಯ ಚಿಕ್ಕ ದೂರದರ್ಶಕ ಅವನದೇ. ಒಂದೇ ತಾಣವನ್ನು ತಿಂಗಳುಗಟ್ಟಲೆ ನೋಡುತ್ತಿದ್ದರೂ ಬೇಡವೆನ್ನುವವರಿಲ್ಲ. ರಾಬರ್ಟ್ಸನು ಚಿತ್ರಿಸಿದ ಆ ದೇವಯಾನಿಯ ನಕ್ಷತ್ರಲೋಕವನ್ನೇ ನೋಡಿರಿ. ಆಕಾಶದಲ್ಲಿ ಅದಕ್ಕಿಂತ ಹೆಚ್ಚಾಗಿ ಚಿತ್ರಿಸಲ್ಪಟ್ಟ ವಸ್ತುಗಳು ಕೆಲವೇ. ಹೀಗಿದ್ದೂ ಯಾನ್ ಸೆಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್, ಗ್ಸಾವಿಯೆ ಸ್ಟ್ರೋಟ್ನರ್ ಎಂಬ ಮೂವರು ಹವ್ಯಾಸಿಗಳು, ಆಮ್ಲಜನಕದ ಬೆಳಕನ್ನು ಮಾತ್ರ ಒಳಬಿಡುವ ಶೋಧಕವನ್ನೂ ಬಳಸಿ ಸಣ್ಣ ದೂರದರ್ಶಕದಿಂದ ಒಟ್ಟು ನೂರು ಗಂಟೆಗೂ ಮೀರಿ ಬೆಳಕನ್ನು ಕೂಡಿಸಿದಾಗ, ಅದರ ಪಕ್ಕದಲ್ಲಿಯೇ ಅದುವರೆಗೆ ಯಾರೂ ಕಾಣದಿದ್ದ ಹಸುರುನೀಲಿಯ ಬೃಹತ್ ಕಮಾನೊಂದು ಹೊರಬಂದಿತು. 2023ರ ಜನವರಿಯಲ್ಲಿ ಅದು ಪ್ರಕಟವಾಯಿತು. ಅದು ನಮ್ಮ ಆಕಾಶಗಂಗೆಯೊಳಗಿನದೋ ದೇವಯಾನಿಯ ಬಳಿಯದೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ. ದೊಡ್ಡ ಕನ್ನಡಿಗಳಿಗೆ ಅದು ತಪ್ಪಿಹೋದುದು ಹೇಗೆಂದರೆ, ಅವು ಆಕಾಶದ ಬಹು ಕಿರಿದಾದ ತುಣುಕನ್ನು ಮಾತ್ರ ಒಮ್ಮೆಗೆ ನೋಡಬಲ್ಲವು. ಮತ್ತು ಅಷ್ಟು ಹರಡಿಕೊಂಡ, ಅಷ್ಟು ಕ್ಷೀಣವಾದ ಬೆಳಕಿಗಾಗಿ ನೂರು ಗಂಟೆಗಳನ್ನು ಯಾರೂ ಅವುಗಳಿಂದ ಕೇಳಿರಲಿಲ್ಲ.

ಇನ್ನೊಂದು ನಿದರ್ಶನ ಅರ್ಜೆಂಟೀನದ ರೊಸಾರಿಯೊ ನಗರದ ಬೀಗ ರಿಪೇರಿಯ ವಿಕ್ಟರ್ ಬುಸೊ ಅವರದು. 2016ರ ಸೆಪ್ಟೆಂಬರ್ 20ರಂದು ಅವರು ಹೊಸ ಕ್ಯಾಮೆರಾವೊಂದನ್ನು ಪರೀಕ್ಷಿಸುತ್ತ ದೂರದ ನಕ್ಷತ್ರಲೋಕವೊಂದನ್ನು ಚಿಕ್ಕ ಚಿಕ್ಕ ಅವಧಿಯಲ್ಲಿ ಮೇಲಿಂದ ಮೇಲೆ ಚಿತ್ರಿಸುತ್ತಿದ್ದರು. ಮೊದಲ ಚಿತ್ರಗಳಲ್ಲಿ ಇಲ್ಲದ ಬಿಂದುವೊಂದು ಅನಂತರದವುಗಳಲ್ಲಿ ಮೂಡಿ ಬೆಳೆಯತೊಡಗಿತು. ನಕ್ಷತ್ರವೊಂದು ಸಿಡಿದ ಸ್ಫೋಟದ ಅಲೆ ಅದರ ಮೈಯನ್ನು ಭೇದಿಸಿ ಹೊರಬಂದ ಮೊದಲ ಗಳಿಗೆಯ ಬೆಳಕದು. ಸಿದ್ಧಾಂತದಲ್ಲಿ ಹೇಳಲಾಗಿದ್ದ, ಸಾಮಾನ್ಯ ಬೆಳಕಿನಲ್ಲಿ ಹೀಗೆ ಆರಂಭದಿಂದಲೇ ಸೆರೆಸಿಕ್ಕದಿದ್ದ ಘಟನೆ. ಅದರ ಅಧ್ಯಯನ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬುಸೊ ಅವರ ಹೆಸರು ಅದರ ಲೇಖಕರ ಸಾಲಿನಲ್ಲಿದೆ.

ಭಾರತದಲ್ಲಿ ಈ ಪರಂಪರೆಗೆ ಹಿರಿಯರು ರಾಧಾಗೋವಿಂದ ಚಂದ್ರರು. 1878ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿದ ಜೆಸೋರಿನ ಬಳಿಯ ಹಳ್ಳಿಯಲ್ಲಿ ಹುಟ್ಟಿದವರು. ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಾಗದೆ ಸರಕಾರಿ ಖಜಾನೆಯಲ್ಲಿ ನಾಣ್ಯ ಎಣಿಸುವ ಚಿಕ್ಕ ನೌಕರಿಗೆ ಸೇರಿದವರು. ಹಗಲು ನಾಣ್ಯಗಳನ್ನು ಎಣಿಸಿದ ಆ ಕಣ್ಣುಗಳು ಇರುಳು ಕಾಂತಿ ಏರಿಳಿಯುವ ನಕ್ಷತ್ರಗಳನ್ನು ಅಳೆದವು. 37,000ಕ್ಕೂ ಮೀರಿದ ಅವರ ವೀಕ್ಷಣೆಗಳು ಇಂಥ ನಕ್ಷತ್ರಗಳನ್ನು ವೀಕ್ಷಿಸುವವರ ಅಮೆರಿಕದ ಸಂಘಕ್ಕೆ ಅಂಚೆಯಲ್ಲಿ ಹೋಗಿ ದಾಖಲಾಗಿವೆ. ಅವರ ನಿಷ್ಠೆಯನ್ನು ಮೆಚ್ಚಿ ಆ ಸಂಘವು 1926ರಲ್ಲಿ 6 ಅಂಗುಲದ ದೂರದರ್ಶಕವೊಂದನ್ನು ಸಾಗರದಾಚೆಯಿಂದ ಎರವಲಾಗಿ ಕಳಿಸಿಕೊಟ್ಟಿತು. ಅದು ಮುಂದೆ ಖಗೋಳವಿಜ್ಞಾನಿ ವೇಣು ಬಾಪು ಅವರ ಕೈ ಸೇರಿ, ಅವರು ತಮಿಳುನಾಡಿನ ಜವ್ವಾದಿ ಬೆಟ್ಟದಲ್ಲಿ ಸ್ಥಾಪಿಸಿದ ಕಾವಲೂರಿನ ವೀಕ್ಷಣಾಲಯಕ್ಕೆ ಬಂದಿತು. ಅಂಥದೇ ಏರಿಳಿತವನ್ನು ಈಚೆಗೆ ನಾವೆಲ್ಲರೂ ಬರಿಗಣ್ಣಿನಿಂದ ಕಂಡೆವು: 2019ರ ಕೊನೆಯಿಂದ 2020ರ ಫೆಬ್ರವರಿಯವರೆಗೆ ಆರಿದ್ರಾ ನಕ್ಷತ್ರವು ದಿನೇ ದಿನೇ ಮಂಕಾಗುತ್ತ ಹೋದಾಗ, ಜಗತ್ತಿನಾದ್ಯಂತ ಹವ್ಯಾಸಿಗಳು ಚಳಿಯಲ್ಲಿ ನಿಂತು ರಾತ್ರಿ ರಾತ್ರಿಯೂ ಅದರ ಕಾಂತಿಯನ್ನು ಅಳೆದು ಕಳಿಸಿದರು. ನಕ್ಷತ್ರವು ತಾನೇ ಉಗುಳಿದ ಧೂಳಿನ ಮರೆಗೆ ಸರಿದಿತ್ತೆಂಬ ತೀರ್ಮಾನಕ್ಕೆ ವಿಜ್ಞಾನಿಗಳು ಬಂದಾಗ ಆ ಅಳತೆಗಳು ಅವರ ಮುಂದಿದ್ದುವು.

ಈ ಕಾಯಕಕ್ಕೆ ಬೇಕಾದ ಕತ್ತಲೆಯೇ ಈಗ ದುರ್ಲಭವಾಗುತ್ತಿದೆ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಸಾಮಾನ್ಯ ಜನರೇ ಗಮನಿಸಿ ಕಳಿಸಿದ 51,000 ವರದಿಗಳನ್ನು ಆಧರಿಸಿ, 2011ರಿಂದ 2022ರವರೆಗೆ ರಾತ್ರಿಯ ಆಕಾಶದ ಕೃತಕ ಬೆಳಕು ಸರಾಸರಿ ವರ್ಷಕ್ಕೆ ಶೇಕಡ 10ರ ಸಮೀಪದಷ್ಟು ಏರಿತೆಂದು 2023ರಲ್ಲಿ ಲೆಕ್ಕ ಹಾಕಲಾಯಿತು. ಈ ವೇಗದಲ್ಲಿ ಎಂಟು ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುವುದು. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಹವ್ಯಾಸಿ ಖಗೋಳಜ್ಞರ ಸಂಘ ಹುಟ್ಟಿದಾಗ ಮನೆಯ ಮಾಳಿಗೆಯೇ ವೀಕ್ಷಣಾಲಯವಾಗಬಹುದಿತ್ತು. ಇಂದು ನೂರು ಕಿಲೋಮೀಟರ್ ಹೋದರೂ ದಿಗಂತದಲ್ಲಿ ನಗರದ ಕೆಂಡದ ಬೆಳಕು ಹಿಂಬಾಲಿಸುವುದು. ಬೀದಿದೀಪ ಬೇಡವೆಂದು ಯಾವ ವೀಕ್ಷಕನೂ ಹೇಳುವುದಿಲ್ಲ. ದೀಪದ ಬೆಳಕು ನೆಲಕ್ಕೆ ಬೀಳಲಿ, ಮೇಲಕ್ಕೆ ಹೋಗದಂತೆ ಮುಚ್ಚಳವಿರಲಿ ಎನ್ನುತ್ತಾರೆ. ವಿದ್ಯುತ್ತಿನ ವೆಚ್ಚವೂ ಅದರಿಂದ ಉಳಿಯುವುದು. ಇದು ಆಗದ ಮಾತಲ್ಲ. ಲಡಾಖಿನಲ್ಲಿ 4,500 ಮೀಟರ್ ಎತ್ತರದ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ 2 ಮೀಟರಿನ ದೂರದರ್ಶಕವುಂಟು. ನಮ್ಮ ಹೊಸಕೋಟೆಯಲ್ಲಿ ಕುಳಿತೇ ಅದನ್ನು ಉಪಗ್ರಹದ ಮೂಲಕ ನಡೆಸುವರು. ಅದರ ಸುತ್ತಲ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ರಕ್ಷಿತಾರಣ್ಯದಂತೆ ಘೋಷಿಸಿದ ಮೇಲೆ, ಅಲ್ಲಿನ ಹಳ್ಳಿಗರೇ ಕಿಟಕಿಗಳಿಗೆ ದಪ್ಪ ಪರದೆ ಹಾಕಿ, ವಾಹನಗಳ ದೀಪವನ್ನು ತಗ್ಗಿಸಿ, ದೂರದರ್ಶಕವನ್ನು ನಡೆಸಲು ಕಲಿತು, ಬಂದ ಅತಿಥಿಗಳಿಗೆ ಆಕಾಶವನ್ನು ತೋರಿಸಿ ಜೀವನೋಪಾಯವನ್ನೂ ಕಂಡುಕೊಂಡಿದ್ದಾರೆ. ಹೊಸಕೋಟೆಯಿಂದ ಹಾನ್ಲೆಯ ಆಕಾಶವನ್ನು ನೋಡಬಲ್ಲ ನಾವು ಹೊಸಕೋಟೆಯ ಆಕಾಶವನ್ನು ಕಳೆದುಕೊಳ್ಳುತ್ತಿರುವುದು ನನಗೆ ತುಂಬ ನೋವಿನ ಸಂಗತಿ.

ಓದುಗರಲ್ಲಿ ಯಾರಿಗಾದರೂ ಈ ದಾರಿಯಲ್ಲಿ ಹೆಜ್ಜೆಯಿಡುವ ಇಚ್ಛೆಯಿದ್ದಲ್ಲಿ, ಮೊದಲಿಗೇ ಮೌಂಟು ಕ್ಯಾಮೆರಾಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. 7×50 ಅಥವಾ 10×50ರ ಬೈನಾಕ್ಯುಲರ್ ಒಂದು ಸಾಕು. ಡಿಸೆಂಬರಿನ ಅಮಾವಾಸ್ಯೆಯ ಸುತ್ತುಮುತ್ತಲ ದಿನಗಳಲ್ಲಿ, ರಾತ್ರಿ ಎಂಟರೊಳಗೆ, ಊರ ದೀಪಗಳಿಂದ ದೂರ ನಿಂತು ಉತ್ತರಕ್ಕೆ ಮುಖಮಾಡಿ ನೆತ್ತಿಯ ಕಡೆ ನೋಡಿರಿ. ಪೂರ್ವಾಭಾದ್ರೆ ಉತ್ತರಾಭಾದ್ರೆಗಳು ಸೇರಿ ರಚಿಸುವ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ನೆತ್ತಿಯಿಂದ ತುಸು ಪಶ್ಚಿಮಕ್ಕೆ ಕಾಣುವುದು. ಅದರ ಈಶಾನ್ಯದ ಮೂಲೆಯ ನಕ್ಷತ್ರದಿಂದ ಹೊರಟು ಈಶಾನ್ಯಕ್ಕೇ ಎರಡು ನಕ್ಷತ್ರಗಳನ್ನು ಎಣಿಸಿ. ಎರಡನೆಯದು ತಕ್ಕಮಟ್ಟಿಗೆ ಪ್ರಕಾಶವಾದುದು, ನಸುಗೆಂಪಿನದು. ಅಲ್ಲಿಂದ ವಾಯವ್ಯಕ್ಕೆ ತಿರುಗಿ ಮತ್ತೆರಡು ಮಂದ ನಕ್ಷತ್ರಗಳನ್ನು ದಾಟಿದರೆ, ಎರಡನೆಯದರ ಪಕ್ಕದಲ್ಲಿ, ಪಶ್ಚಿಮದ ಕಡೆಗೆ, ಉದ್ದನೆಯ ಬೂದು ಕಲೆಯೊಂದು ಬೈನಾಕ್ಯುಲರಿಗೆ ಸಿಕ್ಕುವುದು. ರಾಬರ್ಟ್ಸನು ಚಿತ್ರಿಸಿದುದು ಅದನ್ನೇ. ಸಿಕ್ಕದಿದ್ದಲ್ಲಿ ಅರ್ಧಗಂಟೆ ಕಣ್ಣನ್ನು ಕತ್ತಲೆಗೆ ಪಳಗಿಸಿ ಮತ್ತೆ ಹುಡುಕಿರಿ. ಆಗಲೂ ಸಿಕ್ಕದಿದ್ದರೆ ನಿಂತ ಜಾಗ ಊರಿಗೆ ಇನ್ನೂ ಹತ್ತಿರವಿದೆಯೆಂದು ತಿಳಿದು ಮುಂದಿನ ಅಮಾವಾಸ್ಯೆಗೆ ಇನ್ನಷ್ಟು ದೂರ ಹೋಗಬೇಕು. ಕಂಬಳಿಯನ್ನು ಮಾತ್ರ ಮರೆಯದಿರಿ.